ಚೀನಾದ ಕಣ್ಣಿನಲ್ಲಿ ಪಶ್ಚಿಮ: ಆಡಿದ ಮಾತು, ಬರೆಸಿಕೊಂಡ ಒಪ್ಪಂದ

ನಮ್ಮ ಶಾಲೆಗಳ ಗೋಡೆಯ ಮೇಲೆ ತೂಗುಹಾಕಿರುವ ಪ್ರಪಂಚದ ಭೂಪಟವನ್ನು ಗಮನಿಸಿ. ಅದರ ನಡುವೆ ಯೂರೋಪ್ ಮತ್ತು ಆಫ್ರಿಕಾ ಖಂಡಗಳಿರುತ್ತವೆ. ಚೀನಾ ಮತ್ತು ಜಪಾನ್ ದೇಶಗಳು ಬಲಗಡೆಯ ಅಂಚಿಗೆ ಸರಿದಿರುತ್ತವೆ. ಚೀನಾದಲ್ಲಿ ಮುದ್ರಿಸುವ ಭೂಪಟಗಳು ಸಾಮಾನ್ಯವಾಗಿ ಹೀಗಿರುವುದಿಲ್ಲ. ಅಲ್ಲಿ ಪೆಸಿಫಿಕ್ ಮಹಾಸಾಗರ ನಡುವಿಗೆ ಬರುತ್ತದೆ, ಚೀನಾ ಅದರ ಪಕ್ಕದಲ್ಲಿರುತ್ತದೆ, ಯೂರೋಪ್ ಎಡಗಡೆಯ ಮೂಲೆಗೆ ಹೋಗುತ್ತದೆ. ಭೂಮಿ ಒಂದೇ ಆದರೂ ನೋಡುವ ಜಾಗ ಬೇರೆ. ಇತಿಹಾಸದ ವಿಷಯದಲ್ಲಿಯೂ ಹೀಗೆಯೇ ಆಗುತ್ತದೆ.

ಅಮೆರಿಕ ಮತ್ತು ಚೀನಾದ ನಡುವಿನ ಪೈಪೋಟಿಯ ಬಗ್ಗೆ ನಾವು ದಿನಪತ್ರಿಕೆಗಳಲ್ಲಿ ಓದುವ ಸುದ್ದಿಯಲ್ಲಿ ಹೆಚ್ಚಿನ ಭಾಗ ಪಾಶ್ಚಾತ್ಯ ಸುದ್ದಿಸಂಸ್ಥೆಗಳಿಂದ ಬಂದದ್ದು. ಅದರಲ್ಲಿ ಚೀನಾ ಎಂದರೆ ಬೆಳೆಯುತ್ತಿರುವ ಒಂದು ಅಪಾಯ. ಆದರೆ ಚೀನಾದ ಒಬ್ಬ ಪ್ರೌಢಶಾಲಾ ವಿದ್ಯಾರ್ಥಿಗೆ ಪಶ್ಚಿಮದ ರಾಷ್ಟ್ರಗಳು ಹೇಗೆ ಕಾಣುತ್ತವೆ? ಈ ಪ್ರಶ್ನೆ ಕೇಳಿದ ಕೂಡಲೇ ನಾವು ಚೀನಾದ ಪಕ್ಷ ವಹಿಸಿದಂತೆ ಆಗುವುದಿಲ್ಲ. ಚೀನಾ ನಮ್ಮ ನೆರೆಯ ದೇಶ. 1962ರಲ್ಲಿ ಅದರೊಂದಿಗೆ ಯುದ್ಧವಾಗಿದೆ, 2020ರಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟಿದ್ದಾರೆ. ನೆರೆಯವನ ಮನಸ್ಸನ್ನು ತಿಳಿಯದೆ ಅವನೊಂದಿಗೆ ಸ್ನೇಹವನ್ನೂ ಮಾಡಲಾಗದು, ಅವನಿಂದ ಎಚ್ಚರಿಕೆಯನ್ನೂ ವಹಿಸಲಾಗದು.

ಚೀನೀಯರ ದೂರನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ ಅದು ಹೀಗಿದೆ: ಪಶ್ಚಿಮದವರು ಬಾಯಲ್ಲಿ ಒಂದು ತತ್ವವನ್ನು ಹೇಳಿದರು, ಕಾಗದದ ಮೇಲೆ ಇನ್ನೊಂದನ್ನು ಬರೆಸಿಕೊಂಡರು. ಈ ದೂರು ಎಷ್ಟರಮಟ್ಟಿಗೆ ನಿಜ? ಇಂದು ಬಲಶಾಲಿಯಾಗಿರುವ ಚೀನಾ ಈ ನೆನಪನ್ನು ಯಾವುದಕ್ಕೆ ಬಳಸುತ್ತಿದೆ? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಕೊಳ್ಳುವುದೇ ಈ ಲೇಖನದ ಉದ್ದೇಶ.

ಚಹಾ, ಬೆಳ್ಳಿ ಮತ್ತು ಅಫೀಮು

1793ರಲ್ಲಿ ಬ್ರಿಟನ್ನಿನ ರಾಜ ಮೂರನೆಯ ಜಾರ್ಜನ ರಾಯಭಾರಿಯಾಗಿ ಲಾರ್ಡ್ ಮೆಕಾರ್ಟ್ನಿ ಚೀನಾದ ಚಕ್ರವರ್ತಿ ಚಿಯಾನ್‌ಲಾಂಗನ ಆಸ್ಥಾನಕ್ಕೆ ಹೋದನು. ಗಡಿಯಾರ, ದೂರದರ್ಶಕ ಮುಂತಾದ ಉಡುಗೊರೆಗಳನ್ನು ಕೊಂಡೊಯ್ದು, ವ್ಯಾಪಾರಕ್ಕೆ ಹೆಚ್ಚು ಬಂದರುಗಳನ್ನು ತೆರೆಯಬೇಕೆಂದು ಕೋರಿದನು. ತಮ್ಮ ದೇಶದಲ್ಲಿ ಎಲ್ಲವೂ ಇದೆ, ಹೊರಗಿನ ಸಾಮಾನುಗಳ ಅಗತ್ಯವಿಲ್ಲ ಎಂದು ಚಕ್ರವರ್ತಿ ಉತ್ತರ ಕೊಟ್ಟನು. ಈ ಉತ್ತರದಲ್ಲಿ ಗರ್ವವಿತ್ತು ಎಂಬುದನ್ನು ಇಂದು ಚೀನಾದ ಇತಿಹಾಸಕಾರರೂ ಒಪ್ಪುತ್ತಾರೆ. ಯೂರೋಪಿನಲ್ಲಿ ಕೈಗಾರಿಕಾ ಕ್ರಾಂತಿ ನಡೆಯುತ್ತಿದ್ದ ಕಾಲದಲ್ಲಿ ಚೀನಾದ ಆಸ್ಥಾನ ಅದನ್ನು ತಿಳಿಯುವ ಗೋಜಿಗೆ ಹೋಗಲಿಲ್ಲ.

ಆದರೆ ಬ್ರಿಟಿಷರಿಗೆ ಚೀನಾದ ಚಹಾ ಬೇಕೇ ಬೇಕಾಗಿತ್ತು. ಚಹಾಕ್ಕೆ ಬದಲಾಗಿ ಚೀನಾ ಕೇಳುತ್ತಿದ್ದುದು ಬೆಳ್ಳಿ. ಬೆಳ್ಳಿ ಹೊರಹೋಗುವುದನ್ನು ತಡೆಯಲು ಈಸ್ಟ್ ಇಂಡಿಯಾ ಕಂಪನಿ ಕಂಡುಕೊಂಡ ಉಪಾಯವೇ ಅಫೀಮು. ಇಲ್ಲಿಂದ ಈ ಕಥೆ ನಮ್ಮ ದೇಶದ ಕಥೆಯೂ ಆಗುತ್ತದೆ. ಬಿಹಾರ ಮತ್ತು ಬನಾರಸ್ ಪ್ರದೇಶಗಳ ರೈತರಿಗೆ ಮುಂಗಡ ಹಣ ಕೊಟ್ಟು ಗಸಗಸೆ ಗಿಡಗಳನ್ನು ಬೆಳೆಸಲಾಯಿತು. ಅದರ ಹಾಲಿನಿಂದ ಪಾಟ್ನಾ ಮತ್ತು ಗಾಜೀಪುರದ ಕಾರ್ಖಾನೆಗಳಲ್ಲಿ ಅಫೀಮು ತಯಾರಾಗುತ್ತಿತ್ತು. ಕಂಪನಿ ಅದನ್ನು ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ಹರಾಜಿನಲ್ಲಿ ಕೊಂಡ ಖಾಸಗಿ ವರ್ತಕರು ಅದನ್ನು ಚೀನಾಕ್ಕೆ ಸಾಗಿಸುತ್ತಿದ್ದರು. ಚೀನಾದಲ್ಲಿ ಅಫೀಮಿನ ಮಾರಾಟವನ್ನು 1729ರಲ್ಲಿಯೇ ನಿಷೇಧಿಸಲಾಗಿತ್ತು. ಆದ್ದರಿಂದ ಕಂಪನಿ ತನ್ನ ಹಡಗುಗಳಲ್ಲಿ ಅದನ್ನು ಒಯ್ಯದೆ, ಕಾನೂನನ್ನು ಮುರಿಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ಲಾಭವನ್ನು ಮಾತ್ರ ತಾನು ಇಟ್ಟುಕೊಂಡಿತು. ಮಾಳ್ವದ ಅಫೀಮು ಬೊಂಬಾಯಿಯಿಂದ ಹೋಗುತ್ತಿತ್ತು. ಅದರಲ್ಲಿ ಸರ್ ಜಮ್‌ಶೆಟ್ಜಿ ಜೀಜೀಭಾಯ್ ಅವರಂತಹ ಭಾರತೀಯ ವರ್ತಕರೂ ಹಣ ಗಳಿಸಿದರು ಎಂಬುದನ್ನು ನಾವು ಮರೆಮಾಚಬಾರದು.

ಅರಬ್ಬಿಯ ‘ಅಫ್ಯೂನ್’ ಎಂಬ ಶಬ್ದವೇ ಉರ್ದುವಿನಲ್ಲಿ ಅಫೀಮ್, ಕನ್ನಡದಲ್ಲಿ ಅಫೀಮು ಆಗಿದೆ. ಹಿಂದಿನವರು ಇದನ್ನು ಹಕೀಮರ ಔಷಧಿಯಾಗಿ ಬಲ್ಲವರು. ಒಂದು ಔಷಧಿಯನ್ನು ಇಡೀ ಸಮಾಜದ ಚಟವಾಗಿ ಪರಿವರ್ತಿಸಿದ್ದು ಯಂತ್ರದಂತೆ ನಡೆದ ಈ ವ್ಯಾಪಾರ. 1830ರ ದಶಕದ ಕೊನೆಗೆ ವರ್ಷಕ್ಕೆ ಸುಮಾರು 40,000 ಪೆಟ್ಟಿಗೆಗಳಷ್ಟು ಅಫೀಮು ಚೀನಾ ತಲುಪುತ್ತಿತ್ತು. ಒಂದೊಂದು ಪೆಟ್ಟಿಗೆಯಲ್ಲಿ ಸುಮಾರು 60 ಕಿಲೋ ಇರುತ್ತಿತ್ತು. ಹಿಂದೆ ಚೀನಾದ ಒಳಕ್ಕೆ ಹರಿಯುತ್ತಿದ್ದ ಬೆಳ್ಳಿ ಈಗ ಹೊರಕ್ಕೆ ಹರಿಯತೊಡಗಿತು.

ಉತ್ತರ ಬಾರದ ಪತ್ರ

1839ರ ಮಾರ್ಚ್ ತಿಂಗಳಲ್ಲಿ ಚಕ್ರವರ್ತಿಯ ವಿಶೇಷ ಅಧಿಕಾರಿಯಾಗಿ ಲಿನ್ ಜೆಶೂ ಎಂಬವನು ಕ್ಯಾಂಟನ್ ಬಂದರಿಗೆ ಬಂದನು. ಲಂಚಕ್ಕೆ ಬಗ್ಗದ ಮನುಷ್ಯ. ವಿದೇಶಿ ವರ್ತಕರಿಂದ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು, ಜೂನ್ 3ರಿಂದ ಹೂಮೆನ್ ಎಂಬಲ್ಲಿ ಉಪ್ಪು ಮತ್ತು ಸುಣ್ಣ ಬೆರೆಸಿದ ಹೊಂಡಗಳಲ್ಲಿ ಕರಗಿಸಿ ಸಮುದ್ರಕ್ಕೆ ಬಿಟ್ಟನು. ವಿಕ್ಟೋರಿಯಾ ರಾಣಿಗೆ ಒಂದು ಪತ್ರವನ್ನೂ ಬರೆದನು. ತಮ್ಮ ಪ್ರಜೆಗಳಿಗೆ ಹಾನಿ ಎಂದು ತಿಳಿದಿರುವ ವಸ್ತುವನ್ನು ಪರದೇಶದ ಪ್ರಜೆಗಳಿಗೆ ಮಾರುವುದು ಯಾವ ನ್ಯಾಯ ಎಂಬುದು ಅದರ ಸಾರ.

ಪತ್ರಕ್ಕೆ ಉತ್ತರ ಬರಲಿಲ್ಲ. 1840ರಲ್ಲಿ ಯುದ್ಧನೌಕೆಗಳು ಬಂದವು. ಬ್ರಿಟಿಷ್ ಸರ್ಕಾರ ಇದನ್ನು ಅಫೀಮಿನ ಯುದ್ಧವೆಂದು ಕರೆಯಲಿಲ್ಲ. ಮುಕ್ತ ವ್ಯಾಪಾರದ ಹಕ್ಕು, ಬ್ರಿಟಿಷ್ ಪ್ರಜೆಗಳ ಆಸ್ತಿಯ ರಕ್ಷಣೆ, ರಾಷ್ಟ್ರದ ಗೌರವ ಎಂಬ ಮಾತುಗಳನ್ನು ಮುಂದಿಟ್ಟಿತು. ನ್ಯಾಯವಾಗಿ ಹೇಳಬೇಕೆಂದರೆ ಬ್ರಿಟನ್ನಿನಲ್ಲಿಯೂ ಇದನ್ನು ವಿರೋಧಿಸಿದವರಿದ್ದರು. 1840ರ ಏಪ್ರಿಲ್‌ನಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆ ನಡೆದಾಗ ಯುವಕ ಗ್ಲಾಡ್‌ಸ್ಟನ್ ಈ ಯುದ್ಧ ಅನ್ಯಾಯದ್ದೆಂದು ಖಂಡಿಸಿದನು. ಸರ್ಕಾರ ಪಾರಾದದ್ದು ಕೇವಲ 9 ಮತಗಳಿಂದ. ಪಶ್ಚಿಮ ಎಂಬುದು ಒಂದೇ ಬಾಯಿಯಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಚೀನಾದ ಕರಾವಳಿಯನ್ನು ತಲುಪಿದ್ದು ಗ್ಲಾಡ್‌ಸ್ಟನ್ನನ ಭಾಷಣವಲ್ಲ, ತೋಪಿನ ಗುಂಡು.

1842ರ ಆಗಸ್ಟ್ 29ರಂದು ನಾನ್‌ಜಿಂಗ್ ನಗರದ ಬಳಿ ಯಾಂಗ್‌ತ್ಸೆ ನದಿಯಲ್ಲಿ ನಿಂತಿದ್ದ ‘ಕಾರ್ನ್‌ವಾಲಿಸ್’ ಎಂಬ ಯುದ್ಧನೌಕೆಯ ಮೇಲೆ ಒಪ್ಪಂದಕ್ಕೆ ಸಹಿ ಬಿತ್ತು. ಈ ನೌಕೆ ಬೊಂಬಾಯಿಯ ಹಡಗುಕಟ್ಟೆಯಲ್ಲಿ ತೇಗದ ಮರದಿಂದ ಕಟ್ಟಿದ್ದು. ಯುದ್ಧದಲ್ಲಿ ಹೋರಾಡಿದವರಲ್ಲಿ ಮದ್ರಾಸ್ ಸೈನ್ಯದ ಸಿಪಾಯಿಗಳಿದ್ದರು. ಇಂದು ಬೆಂಗಳೂರಿನಲ್ಲಿ ಕೇಂದ್ರವನ್ನು ಹೊಂದಿರುವ ಮದ್ರಾಸ್ ಇಂಜಿನಿಯರ್ ಗ್ರೂಪಿನ ಹಿಂದಿನ ರೂಪವಾದ ಮದ್ರಾಸ್ ಸ್ಯಾಪರ್ಸ್ ದಳವೂ ಅಲ್ಲಿತ್ತು. ಗುಲಾಮಗಿರಿಯಲ್ಲಿದ್ದ ಒಂದು ದೇಶದ ಬೆಳೆ, ಮರ ಮತ್ತು ಮನುಷ್ಯರಿಂದ ಇನ್ನೊಂದು ದೇಶವನ್ನು ಬಗ್ಗಿಸಲಾಯಿತು. ಚೀನೀಯರು ಪಶ್ಚಿಮದ ಬಗ್ಗೆ ಮಾತನಾಡುವಾಗ ಈ ಭಾಗದಲ್ಲಿ ನಮ್ಮ ಹೆಸರೂ ಬರುತ್ತದೆ ಎಂಬುದು ನಮಗೆ ತಿಳಿದಿರಬೇಕು. 1881ರಷ್ಟು ಹಿಂದೆಯೇ ಯುವಕ ರವೀಂದ್ರನಾಥ ಟಾಗೋರರು ಈ ಅಫೀಮು ವ್ಯಾಪಾರವನ್ನು ಖಂಡಿಸಿ ಬಂಗಾಳಿಯಲ್ಲಿ ಲೇಖನ ಬರೆದರು ಎಂಬುದು ಸ್ವಲ್ಪ ಸಮಾಧಾನದ ಸಂಗತಿ.

ನಾನ್‌ಜಿಂಗ್ ಒಪ್ಪಂದದ ಪ್ರಕಾರ ಐದು ಬಂದರುಗಳು ತೆರೆದವು, ಹಾಂಗ್‌ಕಾಂಗ್ ದ್ವೀಪ ಬ್ರಿಟನ್ನಿಗೆ ಹೋಯಿತು. 2 ಕೋಟಿ 10 ಲಕ್ಷ ಬೆಳ್ಳಿ ಡಾಲರುಗಳ ದಂಡವನ್ನು ಚೀನಾ ತೆರಬೇಕಾಯಿತು. ಅದರಲ್ಲಿ 60 ಲಕ್ಷ ಲಿನ್ ನಾಶಪಡಿಸಿದ ಅಫೀಮಿನ ಬೆಲೆ! ಮರುವರ್ಷದ ಪೂರಕ ಒಪ್ಪಂದದಂತೆ ಬೇರೆ ಯಾವ ದೇಶಕ್ಕೆ ಚೀನಾ ಹೊಸ ಸವಲತ್ತು ಕೊಟ್ಟರೂ ಅದು ಬ್ರಿಟನ್ನಿಗೂ ತಾನಾಗಿ ಸಿಗಬೇಕಾಯಿತು. ಚೀನಾದ ನೆಲದಲ್ಲಿ ಅಪರಾಧ ಮಾಡಿದ ಬ್ರಿಟಿಷ್ ಪ್ರಜೆಯನ್ನು ಚೀನಾದ ನ್ಯಾಯಾಲಯ ವಿಚಾರಿಸುವಂತಿರಲಿಲ್ಲ. 1844ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಕೂಡ ಇಂತಹ ಒಪ್ಪಂದಗಳನ್ನು ಮಾಡಿಕೊಂಡವು. ಇವುಗಳನ್ನೇ ಚೀನೀಯರು ‘ಅಸಮಾನ ಒಪ್ಪಂದಗಳು’ ಎಂದು ಕರೆಯುತ್ತಾರೆ.

ಉರಿದ ಅರಮನೆ

1856ರಿಂದ 1860ರವರೆಗೆ ಎರಡನೆಯ ಅಫೀಮು ಯುದ್ಧ ನಡೆಯಿತು. ಇದರ ನಡುವೆಯೇ 1857ರಲ್ಲಿ ನಮ್ಮಲ್ಲಿ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಆರಂಭವಾಯಿತು. ಚೀನಾಕ್ಕೆ ಹೊರಟಿದ್ದ ಬ್ರಿಟಿಷ್ ಸೈನ್ಯವನ್ನು ಲಾರ್ಡ್ ಎಲ್ಗಿನ್ ಕಲ್ಕತ್ತೆಗೆ ತಿರುಗಿಸಿದನು. ಭಾರತದ ಬಂಡಾಯವನ್ನು ಅಡಗಿಸಿದ ನಂತರ ಚೀನಾದ ಸರದಿ ಬಂತು. 1860ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಬೀಜಿಂಗಿನ ಹೊರವಲಯದ ಯುವಾನ್‌ಮಿಂಗ್‌ಯುವಾನ್ ಎಂಬ ಬೇಸಿಗೆ ಅರಮನೆಯನ್ನು ಲೂಟಿ ಮಾಡಿದವು. ಸಂಧಾನಕ್ಕೆ ಹೋಗಿದ್ದ ತಮ್ಮವರನ್ನು ಚೀನಾದ ಅಧಿಕಾರಿಗಳು ಸೆರೆಹಿಡಿದು ಹಿಂಸಿಸಿ ಕೊಂದದ್ದಕ್ಕೆ ಪ್ರತೀಕಾರವೆಂದು ಎಲ್ಗಿನ್ ಅದಕ್ಕೆ ಬೆಂಕಿ ಹಾಕಿಸಿದನು. ಸೆರೆಯಾಳುಗಳ ಹತ್ಯೆ ನಿಜ, ಅರಮನೆಯ ದಹನವೂ ನಿಜ. ಇದೇ ಎಲ್ಗಿನ್ 1862ರಲ್ಲಿ ಭಾರತದ ವೈಸ್‌ರಾಯ್ ಆಗಿ ಬಂದು, ಮರುವರ್ಷ ಧರ್ಮಶಾಲೆಯಲ್ಲಿ ತೀರಿಕೊಂಡನು. ಅವನ ಸಮಾಧಿ ಅಲ್ಲಿಯೇ ಇದೆ.

ಆ ಅರಮನೆಯ ಮುರಿದ ಕಲ್ಲುಕಂಬಗಳನ್ನು ಚೀನಾ ಸರ್ಕಾರ ಹಾಗೆಯೇ ಉಳಿಸಿಕೊಂಡಿದೆ. ಶಾಲಾ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸುತ್ತಾರೆ. ಹಿಂದುಳಿದವನು ಹೊಡೆತ ತಿನ್ನುತ್ತಾನೆ ಎಂಬುದು ಅಲ್ಲಿ ಕಲಿಸುವ ಪಾಠ. 1840ರಿಂದ 1949ರವರೆಗಿನ ಕಾಲಕ್ಕೆ ಚೀನೀಯರು ‘ಅವಮಾನದ ಶತಮಾನ’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಈ ಪಟ್ಟಿಯಲ್ಲಿ ಬ್ರಿಟನ್, ಫ್ರಾನ್ಸ್ ಮಾತ್ರವಲ್ಲ, 1858 ಮತ್ತು 1860ರ ಒಪ್ಪಂದಗಳಿಂದ ಉತ್ತರದ ವಿಶಾಲ ಭೂಭಾಗವನ್ನು ಪಡೆದ ರಷ್ಯಾ ಇದೆ, 1895ರಲ್ಲಿ ತೈವಾನನ್ನು ಕಿತ್ತುಕೊಂಡ ಜಪಾನ್ ಇದೆ. 1900ರಲ್ಲಿ ಬಾಕ್ಸರ್ ದಂಗೆಯನ್ನು ಅಡಗಿಸಲು ಎಂಟು ರಾಷ್ಟ್ರಗಳ ಸೈನ್ಯ ಬೀಜಿಂಗನ್ನು ಹೊಕ್ಕಿತು. ಮರುವರ್ಷ 45 ಕೋಟಿ ತೋಲ ಬೆಳ್ಳಿಯ ದಂಡ ಬಿತ್ತು. ಅದನ್ನು 39 ವರ್ಷಗಳ ಕಂತಿನಲ್ಲಿ ತೀರಿಸಬೇಕಾಗಿತ್ತು. ದಂಡದ ಮೊತ್ತವನ್ನು ಹಳೆಯ ಚೀನೀ ತೋಲದಲ್ಲಿ ಲೆಕ್ಕ ಹಾಕಲಾಗಿತ್ತು. ಅದು ನಮ್ಮ ತೋಲಕ್ಕಿಂತ ದೊಡ್ಡದು.

1919ರ ಪಾಠ

ಮೊದಲನೆಯ ಮಹಾಯುದ್ಧದಲ್ಲಿ ಚೀನಾ ಮಿತ್ರರಾಷ್ಟ್ರಗಳ ಕಡೆ ಸೇರಿತು. ಸುಮಾರು 1,40,000 ಚೀನೀ ಕೂಲಿಕಾರ್ಮಿಕರು ಫ್ರಾನ್ಸಿಗೆ ಹೋಗಿ ಕಂದಕಗಳನ್ನು ತೋಡಿದರು, ರೈಲುಹಳಿಗಳನ್ನು ಹಾಕಿದರು, ಮದ್ದುಗುಂಡುಗಳನ್ನು ಹೊತ್ತರು. ಅಮೆರಿಕದ ಅಧ್ಯಕ್ಷ ವಿಲ್ಸನ್ 1918ರಲ್ಲಿ ಪ್ರಕಟಿಸಿದ ಹದಿನಾಲ್ಕು ಅಂಶಗಳನ್ನು ಚೀನಾದ ವಿದ್ಯಾರ್ಥಿಗಳು ಆಸೆಯಿಂದ ಓದಿದರು. ರಾಷ್ಟ್ರಗಳ ಸಮಾನತೆಯ ಯುಗ ಬಂತೆಂದು ನಂಬಿದರು. ಶಾನ್‌ದೊಂಗ್ ಪ್ರಾಂತ್ಯದಲ್ಲಿ ಜರ್ಮನಿಗೆ ಇದ್ದ ಹಕ್ಕುಗಳು ಚೀನಾಕ್ಕೆ ಮರಳುತ್ತವೆ ಎಂಬ ಭರವಸೆ ಅವರದಾಗಿತ್ತು.

ಆದರೆ ಬ್ರಿಟನ್ ಮತ್ತು ಫ್ರಾನ್ಸ್ ಆ ಹಕ್ಕುಗಳನ್ನು ಜಪಾನಿಗೆ ಕೊಡುವುದಾಗಿ ಯುದ್ಧಕಾಲದಲ್ಲಿಯೇ ಗುಟ್ಟಾಗಿ ಮಾತು ಕೊಟ್ಟಿದ್ದವು. ಪ್ಯಾರಿಸ್ಸಿನ ಸಂಧಾನದಲ್ಲಿ ವಿಲ್ಸನ್ ಕೂಡ ಅದಕ್ಕೆ ತಲೆಬಾಗಿದನು. ಸುದ್ದಿ ತಲುಪಿದಾಗ, 1919ರ ಮೇ 4ರಂದು, ಬೀಜಿಂಗಿನ ಸುಮಾರು 3,000 ವಿದ್ಯಾರ್ಥಿಗಳು ಬೀದಿಗಿಳಿದರು. ಚೀನಾದ ಪ್ರತಿನಿಧಿಗಳು ವರ್ಸೈಲ್ಸ್ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಅಷ್ಟು ವರ್ಷ ಇತರರು ಬರೆದ ಕಾಗದಗಳಿಗೆ ಸಹಿ ಹಾಕುತ್ತಾ ಬಂದಿದ್ದ ದೇಶ ಇಲ್ಲಿ ಲೇಖನಿಯನ್ನು ಕೆಳಗಿಟ್ಟಿತು. 1921ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷ ಸ್ಥಾಪನೆಯಾದಾಗ ಅದರ ಮುಂದಾಳುಗಳಲ್ಲಿ ಈ ಚಳವಳಿಯಿಂದ ಬಂದವರಿದ್ದರು.

ಈ ನಿರಾಶೆ ಚೀನಾ ಒಂದಕ್ಕೇ ಸೀಮಿತವಾಗಿರಲಿಲ್ಲ. ಅದೇ ವರ್ಷ ಕೊರಿಯಾ ಮತ್ತು ಈಜಿಪ್ಟ್‌ಗಳಲ್ಲಿ ಜನ ಸಿಡಿದೆದ್ದರು. ನಮ್ಮಲ್ಲಿ ರೌಲತ್ ಕಾಯಿದೆ ಮತ್ತು ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆದವು. ತುರ್ಕಿಯ ಭವಿಷ್ಯದ ಬಗ್ಗೆ ಉಂಟಾದ ಆತಂಕದಿಂದ ಖಿಲಾಫತ್ ಚಳವಳಿ ಹುಟ್ಟಿತು. ಸ್ವಾತಂತ್ರ್ಯದ ಮಾತು ಯೂರೋಪಿನ ಜನರಿಗೆ ಮಾತ್ರ ಅನ್ವಯಿಸುತ್ತದೆಯೇ ಎಂದು ಏಷ್ಯಾ ಮತ್ತು ಆಫ್ರಿಕಾದ ಜನರೆಲ್ಲ ಆ ವರ್ಷ ಕೇಳಿಕೊಂಡರು. ಆದ್ದರಿಂದ ಚೀನೀಯರ ಈ ನೆನಪು ನಮಗೆ ಪರಕೀಯವಾದುದಲ್ಲ.

ಸನ್ ಯಾತ್-ಸೆನ್ ಕೇಳಿದ ಪ್ರಶ್ನೆ

ಚೀನಾ ಗಣರಾಜ್ಯದ ಪಿತಾಮಹನೆನಿಸಿದ ಡಾ. ಸನ್ ಯಾತ್-ಸೆನ್ 1924ರ ನವೆಂಬರ್ 28ರಂದು ಜಪಾನಿನ ಕೋಬೆ ನಗರದಲ್ಲಿ ಒಂದು ಭಾಷಣ ಮಾಡಿದರು. ಕಾಯಿಲೆಯಿಂದ ಬಳಲುತ್ತಿದ್ದ ಅವರು ಮುಂದಿನ ಮಾರ್ಚಿನಲ್ಲಿ ನಿಧನರಾದರು. ಚೀನಾದ ಪ್ರಾಚೀನ ತತ್ವಜ್ಞಾನಿ ಮೆನ್ಸಿಯಸ್ ಹೇಳಿದ ಎರಡು ದಾರಿಗಳನ್ನು ಅವರು ಆ ಭಾಷಣದಲ್ಲಿ ನೆನಪಿಸಿದರು. ಒಂದು ‘ವಾಂಗ್ ದಾವೊ’, ಅಂದರೆ ನೀತಿಯಿಂದ ಜನರ ಮನಸ್ಸನ್ನು ಗೆಲ್ಲುವ ರಾಜಧರ್ಮ. ಇನ್ನೊಂದು ‘ಬಾ ದಾವೊ’, ಅಂದರೆ ದಂಡಬಲದಿಂದ ಇತರರನ್ನು ಬಗ್ಗಿಸುವ ದಾರಿ. ಯೂರೋಪಿನ ರಾಷ್ಟ್ರಗಳು ಎರಡನೆಯದನ್ನು ಹಿಡಿದಿವೆ ಎಂದ ಸನ್, ಬಲಶಾಲಿಯಾಗುತ್ತಿದ್ದ ಜಪಾನಿಗೆ ನೇರವಾಗಿಯೇ ಪ್ರಶ್ನೆ ಹಾಕಿದರು. ನೀವು ಪಶ್ಚಿಮದ ದಂಡಬಲದ ಬೇಟೆನಾಯಿಯಾಗುವಿರೋ, ಪೂರ್ವದ ರಾಜಧರ್ಮದ ಕೋಟೆಯಾಗುವಿರೋ ಎಂಬುದು ಅವರ ಪ್ರಶ್ನೆಯ ಭಾವ.

ಜಪಾನ್ ಉತ್ತರ ಕೊಟ್ಟಿತು. 1931ರಲ್ಲಿ ಮಂಚೂರಿಯಾವನ್ನು ಆಕ್ರಮಿಸಿತು. 1937ರಲ್ಲಿ ಪೂರ್ಣ ಯುದ್ಧ ಹೂಡಿ, ಆ ವರ್ಷದ ಡಿಸೆಂಬರಿನಲ್ಲಿ ನಾನ್‌ಜಿಂಗ್ ನಗರದಲ್ಲಿ ಭೀಕರ ಹತ್ಯಾಕಾಂಡ ನಡೆಸಿತು. ಆ ಕಷ್ಟಕಾಲದಲ್ಲಿ ಚೀನಾಕ್ಕೆ ನೆರವಾಗಲು 1938ರಲ್ಲಿ ಹೋದ ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದರು. ಗಾಯಾಳುಗಳ ಸೇವೆ ಮಾಡುತ್ತಲೇ ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಏಷ್ಯಾದ ದೇಶ ಎಂದ ಮಾತ್ರಕ್ಕೆ ಅದು ದಬ್ಬಾಳಿಕೆ ಮಾಡುವುದಿಲ್ಲ ಎಂಬ ನಂಬಿಕೆ ಜಪಾನಿನ ಉತ್ತರದಿಂದ ಸುಳ್ಳಾಯಿತು. ಸನ್ ಅವರ ಪ್ರಶ್ನೆ ಮಾತ್ರ ಉಳಿದುಕೊಂಡಿತು. ಮುಂದೆ ಅದು ಚೀನಾದ ಕಡೆಗೇ ತಿರುಗಿತು.

ನಮ್ಮ ಕಾಲದ ಪೈಪೋಟಿ

1949ರಲ್ಲಿ ಜನತಾ ಗಣರಾಜ್ಯ ಸ್ಥಾಪನೆಯಾದ ಮೇಲೆ ಅಮೆರಿಕ ಅದನ್ನು ಮಾನ್ಯ ಮಾಡಲಿಲ್ಲ. 1971ರವರೆಗೆ ವಿಶ್ವಸಂಸ್ಥೆಯಲ್ಲಿ ಚೀನಾದ ಸ್ಥಾನ ತೈವಾನಿನ ಸರ್ಕಾರದ ಕೈಯಲ್ಲಿಯೇ ಇತ್ತು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಹೋದಾಗ ಸಂಬಂಧ ಬದಲಾಯಿತು. ಆದರೆ ಅದಕ್ಕೆ ಪ್ರೀತಿ ಕಾರಣವಾಗಿರಲಿಲ್ಲ, ಸೋವಿಯತ್ ಒಕ್ಕೂಟದ ಭಯ ಇಬ್ಬರನ್ನೂ ಹತ್ತಿರ ತಂದಿತ್ತು. 1982ರ ಜಂಟಿ ಹೇಳಿಕೆಯಲ್ಲಿ ತೈವಾನಿಗೆ ಶಸ್ತ್ರ ಮಾರಾಟವನ್ನು ಕ್ರಮೇಣ ಕಡಿಮೆ ಮಾಡುವುದಾಗಿ ಅಮೆರಿಕ ಒಪ್ಪಿತ್ತು. ಅದರ ನಂತರವೂ ಮಾರಾಟ ನಡೆಯುತ್ತಾ ಬಂದಿದೆ. ಚೀನಾ ಶಾಂತಿಯ ದಾರಿ ಹಿಡಿದರೆ ಮಾತ್ರ ಆ ಮಾತು ಅನ್ವಯಿಸುತ್ತದೆ ಎಂದು ಅಮೆರಿಕ ಹೇಳುತ್ತದೆ. ಮತ್ತೊಮ್ಮೆ ಕೊಟ್ಟ ಮಾತು ತಪ್ಪಿತು ಎಂದು ಚೀನಾ ಹೇಳುತ್ತದೆ.

1999ರ ಮೇ ತಿಂಗಳಲ್ಲಿ ನ್ಯಾಟೋ ಯುಗೊಸ್ಲಾವಿಯಾದ ಮೇಲೆ ನಡೆಸಿದ ದಾಳಿಯಲ್ಲಿ ಬೆಲ್‌ಗ್ರೇಡಿನ ಚೀನಾ ರಾಯಭಾರ ಕಚೇರಿಯ ಮೇಲೆ ಅಮೆರಿಕದ ಬಾಂಬುಗಳು ಬಿದ್ದು ಮೂವರು ಚೀನೀ ಪತ್ರಕರ್ತರು ಸತ್ತರು. ಹಳೆಯ ಭೂಪಟದಿಂದಾದ ತಪ್ಪು ಎಂದು ಅಮೆರಿಕ ಕ್ಷಮೆ ಕೇಳಿತು. ಚೀನಾದಲ್ಲಿ ಅದನ್ನು ನಂಬಿದವರು ಕಡಿಮೆ. ಇಂತಹ ಸ್ಪಷ್ಟೀಕರಣವನ್ನು ನಂಬಲಾಗದ ಮನಸ್ಸು ಒಂದು ದಿನದಲ್ಲಿ ತಯಾರಾದದ್ದಲ್ಲ. 2003ರ ಇರಾಕ್ ಯುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದೆ ನಡೆಯಿತು. ಯಾವ ಅಸ್ತ್ರಗಳ ಹೆಸರಿನಲ್ಲಿ ಯುದ್ಧ ಹೂಡಲಾಯಿತೋ ಆ ಅಸ್ತ್ರಗಳು ಸಿಗಲೇ ಇಲ್ಲ. 2011ರಲ್ಲಿ ಲಿಬಿಯಾದ ನಾಗರಿಕರನ್ನು ರಕ್ಷಿಸಲು ಎಂದು ನಿರ್ಣಯ ಬಂದಾಗ ಚೀನಾ ಅದನ್ನು ತಡೆಯದೆ ತಟಸ್ಥವಾಗಿ ಉಳಿಯಿತು. ಕಾರ್ಯಾಚರಣೆ ಕೊನೆಗೆ ಸರ್ಕಾರವನ್ನೇ ಉರುಳಿಸುವುದರಲ್ಲಿ ಮುಗಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಿರಿಯಾದ ಬಗ್ಗೆ ನಿರ್ಣಯ ಬಂದಾಗ ಚೀನಾ ರಷ್ಯಾದೊಂದಿಗೆ ಸೇರಿ ವೀಟೋ ಚಲಾಯಿಸಿತು. ಇದರ ಫಲವಾಗಿ ನರಳಿದವರು ಮಾತ್ರ ಸಿರಿಯಾದ ಸಾಮಾನ್ಯ ಜನ.

ವ್ಯಾಪಾರದ ವಿಷಯದಲ್ಲಿಯೂ ಚೀನಾಕ್ಕೆ ಹೇಳಲು ಒಂದು ಮಾತಿದೆ. 1842ರಲ್ಲಿ ಮುಕ್ತ ವ್ಯಾಪಾರದ ಹೆಸರಿನಲ್ಲಿ ತೋಪು ಹಾರಿಸಿ ಬಾಗಿಲು ತೆರೆಸಿದವರು, ಚೀನಾ 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿ ಅದೇ ಆಟದಲ್ಲಿ ಗೆಲ್ಲತೊಡಗಿದಾಗ ತಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದಾರೆ ಎಂಬುದು ಅವರ ದೂರು. 2018ರಲ್ಲಿ ಅಮೆರಿಕ ಆರಂಭಿಸಿದ ಸುಂಕದ ಸಮರ ಮತ್ತು 2022ರಲ್ಲಿ ಗಣಕಯಂತ್ರದ ಚಿಪ್‌ಗಳ ರಫ್ತಿನ ಮೇಲೆ ಹೇರಿದ ನಿರ್ಬಂಧಗಳನ್ನು ಅವರು ಉದಾಹರಿಸುತ್ತಾರೆ. ಚೀನಾ ತನ್ನ ಕಂಪನಿಗಳಿಗೆ ಸರ್ಕಾರದ ಹಣ ಸುರಿದು ಆಟದ ನಿಯಮವನ್ನೇ ಮುರಿಯುತ್ತಿದೆ ಎಂಬುದು ಪಶ್ಚಿಮದ ಉತ್ತರ. ಎರಡೂ ಮಾತುಗಳಲ್ಲಿ ಸತ್ಯವಿದೆ.

ಬೆಳೆಯುವ ಶಕ್ತಿ ಮತ್ತು ಇರುವ ಶಕ್ತಿ ಇವೆರಡರ ನಡುವೆ ಯುದ್ಧ ತಪ್ಪದು ಎಂಬ ಆತಂಕಕ್ಕೆ ಅಮೆರಿಕದ ವಿದ್ವಾಂಸ ಗ್ರಹಾಂ ಆಲಿಸನ್ ಪ್ರಾಚೀನ ಗ್ರೀಕ್ ಇತಿಹಾಸಕಾರನ ಹೆಸರಿನಿಂದ ‘ಥುಸಿಡಿಡಿಸ್‌ನ ಬಲೆ’ ಎಂದು ಹೆಸರಿಟ್ಟಿದ್ದಾರೆ. ಚೀನಾದ ಅಧ್ಯಕ್ಷ ಶಿ ಜಿನ್‌ಪಿಂಗ್ 2015ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಮಾತನಾಡುತ್ತಾ, ಅಂತಹ ಬಲೆ ಪ್ರಪಂಚದಲ್ಲಿಲ್ಲ, ಆದರೆ ದೊಡ್ಡ ದೇಶಗಳು ಮತ್ತೆ ಮತ್ತೆ ತಪ್ಪು ಲೆಕ್ಕ ಹಾಕಿದರೆ ತಮಗೆ ತಾವೇ ಬಲೆ ಹೆಣೆದುಕೊಳ್ಳಬಹುದು ಎಂಬ ಅರ್ಥದ ಮಾತನ್ನು ಹೇಳಿದರು.

ಝೆಂಗ್ ಹೆ ಹೇಳುವ ಎರಡು ಕಥೆಗಳು

ತಮ್ಮ ದಾರಿ ಪಶ್ಚಿಮದ ದಾರಿಗಿಂತ ಬೇರೆ ಎಂದು ಹೇಳುವಾಗ ಚೀನೀಯರು ಸಾಮಾನ್ಯವಾಗಿ ಎತ್ತುವ ಹೆಸರು ಝೆಂಗ್ ಹೆ. ಯುನ್ನಾನ್ ಪ್ರಾಂತ್ಯದ ಮುಸ್ಲಿಮ್ ಮನೆತನದಲ್ಲಿ ಹುಟ್ಟಿದ ಈ ನೌಕಾಧಿಪತಿ 1405ರಿಂದ 1433ರವರೆಗೆ ಏಳು ಬಾರಿ ಸಮುದ್ರಯಾನ ಮಾಡಿದನು. ಮೊದಲ ಯಾನದಲ್ಲಿಯೇ 27,000ಕ್ಕೂ ಹೆಚ್ಚು ಜನರಿದ್ದರು. ನಮ್ಮ ಪಕ್ಕದ ಕೇರಳದ ಕಲ್ಲಿಕೋಟೆಗೆ ಅವನ ಹಡಗುಗಳು ಮತ್ತೆ ಮತ್ತೆ ಬಂದವು. ಅಷ್ಟು ದೊಡ್ಡ ನೌಕಾಬಲವಿದ್ದೂ ಚೀನಾ ಎಲ್ಲಿಯೂ ವಸಾಹತು ಸ್ಥಾಪಿಸಲಿಲ್ಲ ಎಂಬುದು ಚೀನೀಯರ ವಾದ. ಶ್ರೀಲಂಕಾದ ಗಾಲೆಯಲ್ಲಿ ಸಿಕ್ಕಿರುವ 1409ರ ಶಾಸನದಲ್ಲಿ ಚೀನೀ ಭಾಷೆಯಲ್ಲಿ ಬುದ್ಧನಿಗೂ, ತಮಿಳಿನಲ್ಲಿ ವಿಷ್ಣುವಿನ ರೂಪದ ದೇವರಿಗೂ, ಪಾರಸಿಯಲ್ಲಿ ಅಲ್ಲಾಹನಿಗೂ ಸಮನಾದ ಕಾಣಿಕೆಗಳನ್ನು ಅರ್ಪಿಸಿದ ಉಲ್ಲೇಖವಿದೆ. ಓದಿದರೆ ಮನಸ್ಸು ತಣಿಯುವಂತಹ ಶಾಸನ.

ಆದರೆ ಅದೇ ಶ್ರೀಲಂಕಾದಲ್ಲಿ, ಸುಮಾರು 1411ರಲ್ಲಿ, ಅದೇ ಝೆಂಗ್ ಹೆ ಸ್ಥಳೀಯ ಅರಸನೊಂದಿಗೆ ಯುದ್ಧ ಮಾಡಿ ಅವನನ್ನು ಸೆರೆಹಿಡಿದು ಚೀನಾಕ್ಕೆ ಕೊಂಡೊಯ್ದನು. ಶಾಸನದ ಕಥೆ ಹೇಳುವವರು ಈ ಕಥೆಯನ್ನು ಅಷ್ಟಾಗಿ ಹೇಳುವುದಿಲ್ಲ. ಅಷ್ಟೇ ಅಲ್ಲ, ಅವಮಾನದ ಪಟ್ಟಿಯಲ್ಲಿ ರಷ್ಯಾದ ಹೆಸರು ಈಗ ಮೆಲುದನಿಯಲ್ಲಿ ಕೇಳಿಸುತ್ತದೆ, ಏಕೆಂದರೆ ರಷ್ಯಾ ಇಂದು ಚೀನಾದ ಮಿತ್ರ. 1959ರಿಂದ 1961ರವರೆಗಿನ ಕ್ಷಾಮದಲ್ಲಿ ಕೋಟ್ಯಂತರ ಜನ ಸತ್ತದ್ದು ಪರದೇಶದವರಿಂದಲ್ಲ, ಸ್ವಂತ ಸರ್ಕಾರದ ನೀತಿಯಿಂದ. ಅದನ್ನು ಅಲ್ಲಿ ಬಹಿರಂಗವಾಗಿ ಚರ್ಚಿಸಲು ಅವಕಾಶವಿಲ್ಲ. 1989ರ ತಿಯಾನನ್‌ಮೆನ್ ಘಟನೆಯ ನಂತರ, 1990ರ ದಶಕದಲ್ಲಿ, ಸರ್ಕಾರ ದೇಶಪ್ರೇಮದ ಶಿಕ್ಷಣಕ್ಕೆ ವಿಶೇಷ ಯೋಜನೆ ರೂಪಿಸಿ ಅವಮಾನದ ಶತಮಾನದ ಪಾಠಗಳಿಗೆ ಹೆಚ್ಚಿನ ಒತ್ತು ಕೊಟ್ಟಿತು. ಪಾಠಗಳಲ್ಲಿರುವ ಘಟನೆಗಳು ನಿಜ. ಆದರೆ ಯಾವುದನ್ನು ನೆನಪಿಡಬೇಕು, ಯಾವುದನ್ನು ಮರೆಯಬೇಕು ಎಂಬುದನ್ನು ಆರಿಸುವವರು ಅಧಿಕಾರದಲ್ಲಿರುವವರು.

ಅದೇ ಅಳತೆ, ಎಲ್ಲರಿಗೂ

ಈಗ ಸನ್ ಯಾತ್-ಸೆನ್ ಪ್ರಶ್ನೆಯನ್ನು ಇಂದಿನ ಚೀನಾಕ್ಕೆ ಕೇಳಬೇಕಾಗಿದೆ. 1954ರಲ್ಲಿ ಭಾರತದೊಂದಿಗೆ ಪಂಚಶೀಲಕ್ಕೆ ಸಹಿ ಹಾಕಿದ ದೇಶ ಎಂಟು ವರ್ಷಗಳಲ್ಲಿ ಗಡಿಯಲ್ಲಿ ಯುದ್ಧ ಮಾಡಿತು. 1979ರಲ್ಲಿ ಪಾಠ ಕಲಿಸುವ ಮಾತನಾಡಿ ವಿಯೆಟ್ನಾಮಿನ ಮೇಲೆ ದಂಡೆತ್ತಿ ಹೋಯಿತು. ದಕ್ಷಿಣ ಚೀನಾ ಸಮುದ್ರದ ವಿವಾದದಲ್ಲಿ 2016ರ ಜುಲೈ 12ರಂದು ಹೇಗ್ ನಗರದ ನ್ಯಾಯಮಂಡಳಿ ಫಿಲಿಪೈನ್ಸ್ ದೇಶದ ಪರವಾಗಿ ತೀರ್ಪು ಕೊಟ್ಟಾಗ, ಅದು ರದ್ದಿ ಕಾಗದ ಎಂದು ಚೀನಾದ ಅಧಿಕಾರಿಗಳು ತಳ್ಳಿಹಾಕಿದರು. ಬಲವಂತದ ಕಾಗದಗಳಿಂದ ನೊಂದ ದೇಶವೊಂದು, ತಾನೇ ಸಹಿ ಹಾಕಿದ್ದ ಸಮುದ್ರ ಕಾನೂನಿನ ಒಪ್ಪಂದದಡಿಯಲ್ಲಿ ಬಂದ ತೀರ್ಪನ್ನು ಹೀಗೆ ಕರೆಯುವುದು ವಿಷಾದದ ಸಂಗತಿ.

ಶಿನ್‌ಜಿಯಾಂಗ್ ಪ್ರಾಂತ್ಯದ ವೀಗರ್ ಮತ್ತಿತರ ಮುಸ್ಲಿಮರ ವಿಷಯ ಇದಕ್ಕಿಂತ ನೋವಿನದು. ಅಲ್ಲಿ ನಡೆದಿರುವ ಸಾಮೂಹಿಕ ಬಂಧನಗಳು ಮಾನವತೆಯ ವಿರುದ್ಧದ ಅಪರಾಧಗಳಾಗಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್ 31ರಂದು ವರದಿ ಮಾಡಿತು. ಚೀನಾ ಇದನ್ನು ಪಶ್ಚಿಮದ ಹೊಸ ಕುತಂತ್ರವೆಂದು ಹೇಳಿ, ಹಳೆಯ ಅವಮಾನದ ಕಥೆಗೆ ಸೇರಿಸಿತು. ಅದೇ ಅಕ್ಟೋಬರಿನಲ್ಲಿ ಮಾನವ ಹಕ್ಕುಗಳ ಮಂಡಳಿಯಲ್ಲಿ ಈ ವರದಿಯ ಬಗ್ಗೆ ಬರೀ ಚರ್ಚೆ ನಡೆಸಬೇಕೆಂಬ ಪ್ರಸ್ತಾಪ ಬಂದಾಗ 17 ದೇಶಗಳು ಪರವಾಗಿ, 19 ದೇಶಗಳು ವಿರುದ್ಧವಾಗಿ ಮತ ಹಾಕಿದವು. ವಿರುದ್ಧ ಮತ ಹಾಕಿದವರಲ್ಲಿ ಪಾಕಿಸ್ತಾನ, ಇಂಡೋನೇಷ್ಯಾ, ಕತಾರ್, ಸಂಯುಕ್ತ ಅರಬ್ ಸಂಸ್ಥಾನಗಳು ಇದ್ದವು. ಭಾರತ ತಟಸ್ಥವಾಗಿತ್ತು. ಪಶ್ಚಿಮದ ದೇಶಗಳು ತಮಗೆ ಅನುಕೂಲವಾದಲ್ಲಿ ಮಾತ್ರ ಮಾನವ ಹಕ್ಕುಗಳ ಮಾತಾಡುತ್ತವೆ ಎಂಬ ಆರೋಪ ಸುಳ್ಳಲ್ಲ; ಇರಾಕಿನ ಜನ ಅದನ್ನು ಕಂಡಿದ್ದಾರೆ, ಪ್ಯಾಲೆಸ್ಟೈನಿನ ಜನ ಕಾಣುತ್ತಿದ್ದಾರೆ. ಆದರೆ ಹೇಳುವವನ ಬಾಯಿ ಶುದ್ಧವಿಲ್ಲ ಎಂದ ಮಾತ್ರಕ್ಕೆ ನೊಂದವನ ನೋವು ಸುಳ್ಳಾಗುವುದಿಲ್ಲ.

ತರಗತಿಯಲ್ಲಿ ಇಂತಹ ಪಾಠ ಮಾಡುವಾಗ ವಿದ್ಯಾರ್ಥಿಗಳು ಬೇಗನೆ ಎರಡು ಗುಂಪಾಗುತ್ತಾರೆ. ಕ್ರಿಕೆಟ್ ಪಂದ್ಯದಲ್ಲಿ ತಂಡವನ್ನು ಆರಿಸಿಕೊಂಡಂತೆ ಕೆಲವರು ಅಮೆರಿಕದ ಕಡೆ, ಕೆಲವರು ಚೀನಾದ ಕಡೆ ನಿಲ್ಲುತ್ತಾರೆ. ದೊಡ್ಡವರೂ ಇದಕ್ಕಿಂತ ಬಹಳ ಬೇರೆಯಾಗಿ ನಡೆದುಕೊಳ್ಳುವುದಿಲ್ಲ. ಪಶ್ಚಿಮದ ಮೇಲಿನ ಸಿಟ್ಟಿನಿಂದ ಚೀನಾ ಮಾಡಿದ್ದೆಲ್ಲ ಸರಿ ಎನ್ನುವವರಿದ್ದಾರೆ, ಚೀನಾದ ಮೇಲಿನ ಸಿಟ್ಟಿನಿಂದ ಅಫೀಮು ಯುದ್ಧದ ಅನ್ಯಾಯವನ್ನೇ ಕೇಳಲು ಒಪ್ಪದವರೂ ಇದ್ದಾರೆ. ಇತಿಹಾಸದ ವಿದ್ಯಾರ್ಥಿಗೆ ಈ ಎರಡೂ ದಾರಿಗಳು ಸಲ್ಲವು. ಯಾವುದೇ ದೇಶದ ನೀತಿಯನ್ನು ನೋಡುವಾಗ ಅವರು ಏನು ಹೇಳಿದರು, ಏನನ್ನು ಬರೆಸಿಕೊಂಡರು, ತಮಗಿಂತ ಬಡವರ ಮುಂದೆ ಹೇಗೆ ನಡೆದುಕೊಂಡರು ಎಂಬ ಮೂರನ್ನೂ ಕೇಳಬೇಕು. ಲಂಡನ್ ಆಗಲಿ, ವಾಷಿಂಗ್ಟನ್ ಆಗಲಿ, ಬೀಜಿಂಗ್ ಆಗಲಿ, ದೆಹಲಿಯೇ ಆಗಲಿ, ಪ್ರಶ್ನೆ ಬದಲಾಗಬಾರದು.

ಲಿನ್ ಜೆಶೂ ತನ್ನ ಪತ್ರದಲ್ಲಿ ಕೇಳಿದ್ದು ಬಹಳ ಸರಳವಾದ ಮಾತು. ನಿಮ್ಮ ಮಕ್ಕಳಿಗೆ ಬೇಡವಾದದ್ದನ್ನು ನಮ್ಮ ಮಕ್ಕಳಿಗೆ ಏಕೆ ಕೊಡುತ್ತೀರಿ ಎಂದು ಆತ ಕೇಳಿದ. ಇದು ಚೀನಾದ ಪ್ರಶ್ನೆ ಮಾತ್ರವಲ್ಲ, ನ್ಯಾಯದ ಪ್ರಶ್ನೆ. ಮನೀಲಾದ ಮೀನುಗಾರನೂ, ಕಾಶ್ಗರಿನ ತಾಯಿಯೂ ಇಂದು ಬೀಜಿಂಗಿಗೆ ಅದನ್ನೇ ಕೇಳಬಹುದು. ಆ ಪತ್ರಕ್ಕೆ ಲಂಡನ್ ಅಂದು ಉತ್ತರ ಕೊಡಲಿಲ್ಲ. ಉತ್ತರ ಕೊಡುವ ಅವಕಾಶ ಈಗ ಪತ್ರ ಬರೆದವನ ದೇಶಕ್ಕೇ ಬಂದಿದೆ.